ಮೈಸೂರಲ್ಲಿ ಸಣ್ಣ ಕಾಫಿ ರೋಸ್ಟರಿಗೆ (ಬೀಜ ಹುರಿಯೋ ಅಂಗಡಿಗೆ) ಹೋಗಿ ಬಂದ್ಮೇಲೆ ಲೈಟ್ ರೋಸ್ಟ್ ರುಚಿ ಹತ್ತಿದೆ, ಮನೇಲಿ ಅದೇ ರುಚಿ ಬರ್ಬೇಕು ಅಂದ್ರೆ ಏನ್ ಮಾಡ್ಬೇಕು?

ತಿಪಟೂರು_ತೆಂಗು:

ಎಲ್ಲರಿಗೂ ನಮಸ್ಕಾರ. ಈ ಗುಂಪಲ್ಲಿ ಫಿಲ್ಟರ್ ಕಾಫಿ ಬಗ್ಗೆ ಬೇಕಾದಷ್ಟು ಚರ್ಚೆ ಇದೆ, ಲೈಟ್ ರೋಸ್ಟ್ (ಕಪ್ಪಾಗೋಕೆ ಬಿಡದೆ ತೆಳುವಾಗಿ ಹುರಿದ ಕಾಫಿ) ಬಗ್ಗೆ ಹುಡುಕಿದ್ರೆ ಅಲ್ಲೊಂದು ಇಲ್ಲೊಂದು ಕಾಮೆಂಟ್ ಬಿಟ್ರೆ ಏನೂ ಸಿಗ್ಲಿಲ್ಲ, ಅದಕ್ಕೆ ಹೊಸದಾಗಿ ಕೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ.

ಮೈಸೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಗೋಕುಲಂ ಕಡೆ ಒಂದು ಸಣ್ಣ ರೋಸ್ಟರಿಗೆ ಕರ್ಕೊಂಡು ಹೋದ್ರು (ಹೆಸರು ಹಾಕ್ತಿಲ್ಲ, ಜಾಹೀರಾತು ಅಂತ ಅಡ್ಮಿನ್ ಪೋಸ್ಟೇ ತೆಗೆದುಬಿಡ್ತಾರೆ). ಮನೆ ಕೆಳಗಡೆ ಪಾರ್ಕಿಂಗ್ ಜಾಗನ ಅಂಗಡಿ ಮಾಡ್ಕೊಂಡಿದಾರೆ, ಗಂಡ ಹೆಂಡ್ತಿ ಇಬ್ರೇ ನಡ್ಸೋದು. ಒಂದು ಗೋಡೆಗೆ ಹಸಿರು ಬೀಜದ ಮೂಟೆ ಜೋಡಿಸಿದಾರೆ, ಪ್ರತಿ ಮೂಟೆ ಮೇಲೂ ಯಾವ ಎಸ್ಟೇಟು, ಯಾವ ತಳಿ, ಪಲ್ಪ್ ಮಾಡಿದ್ದಾ (ಹಣ್ಣಿನ ಸಿಪ್ಪೆ ತೆಗೆದಿದ್ದಾ) ಹಣ್ಣಾಗೇ ಒಣಗ್ಸಿದ್ದಾ ಅಂತ ಮಾರ್ಕರಲ್ಲಿ ಬರೆದಿದೆ. ಮೂಲೇಲಿ ಐದು ಕೇಜಿ ಹಿಡಿಯೋ ಡ್ರಮ್ ಮೆಷಿನ್. ನಾವು ಹೋದಾಗ ಹುರಿಯೋದು ನಡೀತಿತ್ತು, ಆಯಮ್ಮ ಮೆಷಿನ್ನಿಂದ ಆಗಾಗ ಒಂದು ಉದ್ದ ಚಮಚದ ತರದ್ದು ಎಳೆದು ನಮ್ಮ ಮೂಗಿನ ಹತ್ರ ಹಿಡಿಯೋರು. ಮೊದ್ಲು ಹಸಿ ಹುಲ್ಲಿನ ವಾಸನೆ, ಬೀಜ ಹಳದಿ ಆದ್ಮೇಲೆ ಬ್ರೆಡ್ ಬೇಯೋ ವಾಸನೆ, ಆಮೇಲೆ ಚಟ್ ಚಟ್ ಅಂತ ಸಿಡಿಯೋಕೆ ಶುರುವಾಯ್ತು. ನಾನು ಇನ್ನೂ ಕಪ್ಪಾಗುತ್ತೆ ಅಂತ ಕಾಯ್ತಿದ್ರೆ ಅವ್ರು ಒಂದೂವರೆ ನಿಮಿಷ ಆಗೋದ್ರೊಳಗೆ ಬಾಗ್ಲು ತೆಗ್ದು ಎಲ್ಲಾ ತಟ್ಟೆಗೆ ಸುರಿದುಬಿಟ್ರು. ಚಕ್ಕೆ ಬಣ್ಣ, ಎಣ್ಣೆ ಜಿನುಗಿಲ್ಲ, ಮುಟ್ಟಿದ್ರೆ ಒಣ ಒಣ. ನಮ್ಮೂರಲ್ಲಿ ಕಾಫಿಪುಡಿ ಅಂಗಡಿ ಮುಂದೆ ಹೋದ್ರೆ ಬೀಜ ಕಪ್ಪಗೆ ಮಿರಮಿರ ಅಂತ ಹೊಳೀತಿರುತ್ತೆ, ನಾನು ಕಾಫಿ ಬೀಜ ಅಂದ್ರೆ ಅದೇ ಬಣ್ಣ ಅಂತ ತಿಳ್ಕೊಂಡು ಬೆಳೆದವನು.

ಆಮೇಲೆ ಕಪ್ಪಿಂಗ್ ಅಂತ ಮಾಡಿಸಿದ್ರು. ಮೂರು ಬಟ್ಟಲು, ಮೂರಕ್ಕೂ ಪುಡಿ ಹಾಕಿ ಬಿಸಿನೀರು ಸುರಿದು ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪುಡಿ ಪದರನ ಚಮಚದಲ್ಲಿ ಒಡೀಬೇಕು, ಒಡೆಯೋವಾಗ ಮುಖ ಹತ್ರ ಇಟ್ಕೊಂಡು ವಾಸನೆ ತಗೋಬೇಕು. ಸ್ವಲ್ಪ ಆರಿದ್ಮೇಲೆ ಚಮಚದಿಂದ ಸೊರ್ ಅಂತ ಜೋರಾಗಿ ಹೀರಬೇಕು, ಹಾಗೆ ಹೀರಿದ್ರೇನೇ ಬಾಯೆಲ್ಲಾ ಹರಡಿ ವಾಸನೆ ಮೂಗಿಗೆ ಹತ್ತೋದಂತೆ. ಒಂದು ಬಾಬಾಬುಡನ್‌ಗಿರಿ ಕಡೆ ಎಸ್.795 ತಳಿ, ವಾಶ್ಡ್ (ಸಿಪ್ಪೆ ತೆಗ್ದು ತೊಳೆದು ಒಣಗ್ಸಿದ್ದು), ಇನ್ನೊಂದು ಸಕಲೇಶಪುರದ ಚಂದ್ರಗಿರಿ ತಳಿ, ಹಣ್ಣಾಗೇ ಒಣಗ್ಸಿದ್ದು, ಮೂರನೇದು ಕೊಡಗಿನ ರೊಬಸ್ಟಾ. ಆ ಎಸ್.795 ಇದ್ಯಲ್ಲ, ಬಿಸಿ ಇದ್ದಾಗ ಅಷ್ಟೇನೂ ಅನ್ಸಲಿಲ್ಲ, ಉಗುರುಬೆಚ್ಚಗಾಗ್ತಾ ಆಗ್ತಾ ಮೊದ್ಲು ಬೆಲ್ಲ, ಆಮೇಲೆ ಕಿತ್ತಳೆ ಸಿಪ್ಪೆ, ಕೊನೇಲಿ ಹುಣಸೆಹಣ್ಣಿನ ಒಂದು ಸಣ್ಣ ಹುಳಿ, ಸಕ್ಕರೆ ಹಾಲು ಏನೂ ಇಲ್ದೆ ಇಷ್ಟೆಲ್ಲಾ ಬಂತು. ಪಕ್ಕದಲ್ಲಿದ್ದ ಬಟ್ಟಲು ಪೂರ್ತಿ ಬೇರೆ, ಹಲಸಿನ ಹಣ್ಣು ವಾಸನೆ. ಕಾಫಿ ಅಂದ್ರೆ ಒಂದೇ ರುಚಿ, ಸ್ಟ್ರಾಂಗು ಲೈಟು ಅಷ್ಟೇ ವ್ಯತ್ಯಾಸ ಅನ್ಕೊಂಡಿದ್ದೋನಿಗೆ ಅವತ್ತು ಸಂಜೆ ಪೂರ್ತಿ ತಲೇಲಿ ಅದೇ.

ಎಸ್.795 ಕಾಲ್ ಕೇಜಿ ತಂದಿದೀನಿ. ಮನೇಲಿ ಇರೋದು ಸ್ಟೀಲ್ ಫಿಲ್ಟರು, ಮಿಕ್ಸಿ, ಆರ್‌ಓ ನೀರು. ಇದ್ರಲ್ಲಿ ಮಾಡಿದ್ರೆ ಹುಳಿ ಮಾತ್ರ ಮುಂದೆ ಬರುತ್ತೆ, ಬೆಲ್ಲ ಕಿತ್ತಳೆ ಏನೂ ಸಿಗ್ತಿಲ್ಲ. ಅಮ್ಮ ಹಾಲು ಹಾಕ್ಕೊಂಡು ಕುಡಿದು ಕಾಫಿ ಎಲ್ಲಿದೆ ಇದ್ರಲ್ಲಿ ಅಂದ್ರು. ನನ್ ಪ್ರಶ್ನೆ ಏನಂದ್ರೆ, ಇದಕ್ಕೆ ಬೇರೆ ಸಾಮಾನು ತಗೊಳ್ಲೇಬೇಕಾ, ಸ್ಟೀಲ್ ಫಿಲ್ಟರಲ್ಲೇ ಆಗುತ್ತಾ? ತಗೊಳ್ಬೇಕು ಅಂದ್ರೆ ಮೊದ್ಲು ಯಾವುದು? ಆಮೇಲೆ ಮುಂದೆ ಯಾವ ತರದ ಬೀಜ ತರಿಸಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಜಯನಗರ_ಜಲಜ:

ನಿಮ್ಮ ಪೋಸ್ಟ್ ಓದಿ ಖುಷಿಯಾಯ್ತು, ನಾನೂ ಇದೇ ದಾರೀಲಿ ಬಂದವಳು. ನೇರ ಉತ್ತರ: ಮೊದ್ಲು ದುಡ್ಡು ಹಾಕಬೇಕಾದ್ದು ಗ್ರೈಂಡರ್ ಮೇಲೆ. ಫಿಲ್ಟರು ಆಮೇಲೆ ನೋಡೋಣ.

ಕಾರಣ ಏನಂದ್ರೆ, ಕಪ್ಪಗೆ ಹುರಿದ ಬೀಜ ಒಳಗೆಲ್ಲಾ ಉಬ್ಬಿ ಟೊಳ್ಳಾಗಿರುತ್ತೆ, ಬೆರಳಲ್ಲಿ ಒತ್ತಿದ್ರೂ ಪುಡಿ ಆಗುತ್ತೆ, ನೀರು ಬಿದ್ದ ತಕ್ಷಣ ರುಚಿ ಬಿಟ್ಕೊಡುತ್ತೆ. ಲೈಟ್ ರೋಸ್ಟ್ ಬೀಜ ಗಟ್ಟಿ. ಅದನ್ನ ಮಿಕ್ಸಿಗೆ ಹಾಕಿದ್ರೆ ಅರ್ಧ ನುಣ್ಣಗೆ ಹಿಟ್ಟು, ಅರ್ಧ ನುಚ್ಚು. ಹಿಟ್ಟಾದ್ದು ಕಹಿ ಬಿಡುತ್ತೆ, ನುಚ್ಚಾದ್ದು ಹುಳಿ ಮಾತ್ರ ಬಿಟ್ಟು ಸಿಹಿ ಒಳಗೇ ಇಟ್ಕೊಳುತ್ತೆ, ಯಾಕಂದ್ರೆ ಕಾಫೀಲಿ ಹುಳಿ ಮೊದ್ಲು ಕರಗೋದು, ಸಿಹಿ ಆಮೇಲೆ, ಕಹಿ ಕೊನೇಲಿ. ನಿಮಗೆ ಬರೀ ಹುಳಿ ಸಿಗ್ತಿರೋದು ಅದಕ್ಕೇ. ಕೈಯಲ್ಲಿ ತಿರುಗಿಸೋ ಬರ್ ಗ್ರೈಂಡರ್ (ಹಲ್ಲಿನ ಚಕ್ರದ ನಡುವೆ ಬೀಜ ಒಂದೇ ಅಳತೆಗೆ ಪುಡಿ ಮಾಡೋದು) ಬರುತ್ತೆ, ಟೈಮ್‌ಮೋರ್ ಸಿ2 ಅಂತ ಒಂದಿದೆ, ಆರಂಭಕ್ಕೆ ಧಾರಾಳ ಸಾಕು. ಅಲ್ಲೀತನಕ ಏನ್ ಮಾಡ್ತೀರ ಅಂದ್ರೆ ರೋಸ್ಟರ್ ಹತ್ರಾನೇ ಪುಡಿ ಮಾಡಿಸ್ಕೊಳಿ, ಕಾಲ್ ಕೇಜಿ ಬೇಡ, ಎಷ್ಟು ಕಮ್ಮಿ ಕೊಡ್ತಾರೋ ಅಷ್ಟು, ಬೇಗ ಕುಡಿದು ಮುಗ್ಸಿ.

ಎರಡನೇದು ನೀರು. ಇದನ್ನ ಯಾರೂ ಹೇಳಲ್ಲ. ಕಾಫಿ ಲೋಟದಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ನೀರೇ ಅಲ್ವಾ. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್‌ನೋರು ಟಿಡಿಎಸ್ (ನೀರಲ್ಲಿ ಕರಗಿರೋ ಖನಿಜ, ಲವಣದ ಅಳತೆ) 150ರ ಆಸುಪಾಸು ಇರ್ಲಿ, 75ರಿಂದ 250ರ ಒಳಗೆ ಪರವಾಗಿಲ್ಲ ಅಂತ ಇಟ್ಟಿದ್ರು. ಆರ್‌ಓ ಮೆಷಿನ್ ಎಷ್ಟೋ ಮನೇಲಿ 20, 30ಕ್ಕೆ ಇಳಿಸಿ ಇಟ್ಟಿರ್ತಾರೆ, ಆ ನೀರಲ್ಲಿ ರುಚಿ ಎಳ್ಕೊಳೋ ಖನಿಜಾನೇ ಇರಲ್ಲ, ಹುಳಿನ ತಗ್ಸೋ ಅಂಶಾನೂ ಇರಲ್ಲ, ಹಂಗಾಗಿ ಕಾಫಿ ಚುಚ್ಚಿದಂಗೆ ಹುಳಿ. ಬೋರ್‌ವೆಲ್ ನೀರಲ್ಲಿ ಮಾಡಿದ್ರೆ ತಿರುವುಮುರುವು, ಹುಳಿ ಪೂರ್ತಿ ಸತ್ತು ಸಪ್ಪೆ. ನಾನು ಮಾಡೋದು ಕಾವೇರಿ ನೀರು ಕುದಿಸಿ ಸೋಸಿ ಅದಕ್ಕೆ ಅರ್ಧ ಆರ್‌ಓ ನೀರು ಬೆರೆಸೋದು. ತಿಪಟೂರಲ್ಲಿ ನಲ್ಲಿ ನೀರು ಹೇಗಿದೆ ನೋಡ್ಕೊಳಿ, ಟಿಡಿಎಸ್ ಮೀಟರ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ.

ಸ್ಟೀಲ್ ಫಿಲ್ಟರಲ್ಲಿ ಖಂಡಿತ ಆಗುತ್ತೆ, ಆದ್ರೆ ಡಿಕಾಕ್ಷನ್ ಇಳ್ಸೋ ಕ್ರಮದಲ್ಲಿ ಅಲ್ಲ. ಅಂಗಡಿ ಪುಡಿಗಿಂತ ಸ್ವಲ್ಪ ದಪ್ಪ, ಚಿರೋಟಿ ರವೆ ಅಷ್ಟು ಇರ್ಲಿ. ಮೊದ್ಲು ಫಿಲ್ಟರ್ ಎರಡೂ ಭಾಗಕ್ಕೆ ಕುದಿಯೋ ನೀರು ಹಾಕಿ ಬಿಸಿ ಮಾಡಿ ಚೆಲ್ಲಿ, ತಣ್ಣಗಿರೋ ಸ್ಟೀಲು ನೀರಿನ ಬಿಸಿನೆಲ್ಲಾ ಕುಡಿದುಬಿಡುತ್ತೆ. 15 ಗ್ರಾಂ ಪುಡಿ, ಒತ್ತಬೇಡಿ, ಒಳಗಿನ ಛತ್ರಿ ಸುಮ್ನೆ ಮೇಲಿಡಿ. ಕುದಿ ನಿಂತ ತಕ್ಷಣದ ನೀರು ಮೂರು ದೊಡ್ಡ ಚಮಚದಷ್ಟು ಹಾಕಿ ಮುಕ್ಕಾಲು ನಿಮಿಷ ಬಿಡಿ, ಪುಡಿ ಉಬ್ಬಿ ಗ್ಯಾಸ್ ಹೊರಗೆ ಬರುತ್ತೆ. ಆಮೇಲೆ ಎರಡು ಸಲ ಹಾಕಿ ಒಟ್ಟು 220 ಎಂಎಲ್ ಮಾಡಿ, ಮುಚ್ಚಳ ಹಾಕಿ. ನಾಲ್ಕೈದು ನಿಮಿಷದಲ್ಲಿ ಇಳೀಬೇಕು, ಹತ್ತು ನಿಮಿಷ ಆದ್ರೂ ಇಳೀತಿದೆ ಅಂದ್ರೆ ಪುಡಿ ನುಣ್ಣಗಾಯ್ತು. ಇಳಿದ ಕೂಡ್ಲೆ ಹಾಗೇ ಕುಡೀರಿ, ಮತ್ತೆ ಬಿಸಿ ಮಾಡಬೇಡಿ.

ವಿ60 (ಕಾಗದದ ಫಿಲ್ಟರ್ ಇಟ್ಟು ಮೇಲಿಂದ ನೀರು ಸುರಿಯೋ ಕೋನ್) ತಗೊಂಡ್ರೆ 15 ಗ್ರಾಂಗೆ 250 ಎಂಎಲ್, 95 ಡಿಗ್ರಿ, ಮೂರು ನಿಮಿಷದಲ್ಲಿ ಮುಗೀಬೇಕು. ಪ್ಲಾಸ್ಟಿಕ್‌ದೇ ತಗೊಳಿ, ಅಗ್ಗ ಅಂತಲ್ಲ, ಪಿಂಗಾಣಿಗಿಂತ ಅದೇ ಬಿಸಿ ಚೆನ್ನಾಗಿ ಹಿಡಿಯೋದು. ಹುಳಿ ಜಾಸ್ತಿ, ತೆಳು ಅನ್ಸಿದ್ರೆ ಇನ್ನೊಂಚೂರು ನುಣ್ಣಗೆ ಮಾಡಿ. ನಾಲಿಗೆ ಒಣಗಿದಂಗೆ ಒಗರು ಬಂದ್ರೆ ದಪ್ಪ ಮಾಡಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದ್ರಿಂದ ಏನಾಯ್ತು ಗೊತ್ತೇ ಆಗಲ್ಲ.

ಇನ್ನೊಂದು, ಪ್ಯಾಕೆಟ್ ಮೇಲೆ ಹುರಿದ ತಾರೀಖು ಏನಿದೆ? ಲೈಟ್ ರೋಸ್ಟ್ ತಾಜಾ ತಾಜಾ ಕುಡೀಬಾರ್ದು, ಹತ್ತು ಹನ್ನೆರಡು ದಿನ ಬಿಟ್ರೆ ರುಚಿ ಬಿಚ್ಕೊಳೋದು.

ತಿಪಟೂರು_ತೆಂಗು:

ಜಲಜ ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನೀರಿನ ವಿಷಯ ನನಗೆ ಹೊಳೆದೇ ಇರ್ಲಿಲ್ಲ. ಪ್ಯಾಕೆಟ್ ನಾವು ಹೋದ ಹಿಂದಿನ ದಿನಾನೇ ಹುರಿದಿದ್ದು, ಹಾಗಾದ್ರೆ ಮುಚ್ಚಿ ಇಡ್ತೀನಿ.

ಮೂಡಿಗೆರೆ_ಕಣ:

ನಾನು ಬೆಳೆಗಾರ. ಮಾಡೋ ವಿಧಾನ ಮೇಲಿನ ಅಕ್ಕ ಚೆನ್ನಾಗಿ ಹೇಳಿದಾರೆ, ನಾನು ತೋಟದ ಕಡೆಯಿಂದ ಒಂದೆರಡು ಮಾತು ಹೇಳ್ತೀನಿ, ಯಾಕಂದ್ರೆ ಮೂಟೆ ಮೇಲೆ ಎಸ್ಟೇಟ್ ಹೆಸರು ಬರೆದಿತ್ತು ಅಂತ ನೀವು ಬರೆದ್ರಲ್ಲ, ಅದು ನಮ್ಮಂಥೋರಿಗೆ ಎಷ್ಟು ದೊಡ್ಡ ವಿಷಯ ಅಂತ ಹೊರಗಿನೋರಿಗೆ ಗೊತ್ತಾಗಲ್ಲ ಮಾರಾಯ್ರೆ.

ನಮ್ಮ ಅಜ್ಜನ ಕಾಲದಲ್ಲಿ ಬೆಳೆದ ಕಾಫಿಯೆಲ್ಲಾ ಕಾಫಿ ಬೋರ್ಡೇ ಒಟ್ಟಿಗೆ ಸೇರಿಸಿ ಮಾರೋ ಪೂಲ್‌ಗೆ ಹೋಗ್ತಿತ್ತು. 1942ರಲ್ಲಿ ಕಾಫಿ ಕಾಯ್ದೆ ಬಂತು, ಯುದ್ಧದ ಕಾಲದಲ್ಲಿ ಮಾರುಕಟ್ಟೆ ಇಲ್ದೆ ಬೆಳೆಗಾರ ಮುಳುಗಬಾರ್ದು ಅಂತ ಮಾಡಿದ ವ್ಯವಸ್ಥೆ ಅದು. ಕ್ಯೂರಿಂಗ್ ವರ್ಕ್ಸಲ್ಲಿ ಸಿಪ್ಪೆ ತೆಗ್ದು, ಜರಡಿ ಹಿಡಿದು, ಪ್ಲಾಂಟೇಷನ್ ಎ, ಬಿ, ಪೀಬೆರಿ, ಚೆರಿ ಅಂತ ಗ್ರೇಡ್ ಮಾಡಿ, ಗ್ರೇಡ್ ಪ್ರಕಾರ ಪಾಯಿಂಟ್, ಪಾಯಿಂಟ್ ಲೆಕ್ಕದಲ್ಲಿ ದುಡ್ಡು. ನಮ್ಮ ಗುಡ್ಡದ ಕಾಫಿ, ಆಚೆ ಗುಡ್ಡದ ಕಾಫಿ, ಕೊಡಗಿನ ಕಾಫಿ ಎಲ್ಲಾ ಒಂದೇ ರಾಶಿ. ತೊಂಬತ್ತರ ದಶಕದಲ್ಲಿ ಸ್ವಲ್ಪ ಸ್ವಲ್ಪ ಸಡಿಲ ಮಾಡಿ 1996ರಲ್ಲಿ ಪೂರ್ತಿ ಮುಕ್ತ ಮಾರುಕಟ್ಟೆ ಆಯ್ತು. ಅಂದ್ರೆ ಇದು ನಮ್ಮ ತೋಟದ್ದು ಅಂತ ಬೆಳೆಗಾರ ಹೆಸರಿಟ್ಟು ಮಾರೋಕೆ ದಾರಿ ತೆರೆದಿದ್ದು ನನ್ನ ತಲೆಮಾರಲ್ಲಿ. ಬಾಬಾಬುಡನ್‌ಗಿರಿಯ ರತ್ನಗಿರಿ ಎಸ್ಟೇಟ್, ಆಲ್ದೂರು ಕಡೆಯ ಕೆರೆಹಕ್ಲು, ಈ ಹೆಸರೆಲ್ಲಾ ಈಗ ಪ್ಯಾಕೆಟ್ ಮೇಲೆ ನೋಡ್ತೀರಲ್ಲ, ಇದು ಹಿಂದೆ ಇದ್ದಿದ್ದೇ ಅಲ್ಲ.

ಕಪ್ಪಗೆ ಹುರಿದ್ರೆ ಯಾವ ತೋಟದ್ದಾದ್ರೂ ಹುರಿದ ರುಚಿನೇ ಮುಂದೆ ನಿಲ್ಲೋದು. ಲೈಟ್ ಹುರಿದಾಗ ನಾವು ಮಾಡಿದ್ದು ಲೋಟದಲ್ಲಿ ಕಾಣುತ್ತೆ, ಒಳ್ಳೇದೂ ಕಾಣುತ್ತೆ, ಕೆಟ್ಟದ್ದೂ ಕಾಣುತ್ತೆ. ಅದಕ್ಕೇ ಇಂಥ ರೋಸ್ಟರಿಗೆ ಕೊಡೋ ಲಾಟ್ (ಬೇರೆಯಾಗಿ ತೆಗೆದಿಟ್ಟ ಕಾಫಿ) ಮೇಲೆ ಮೈಯೆಲ್ಲಾ ಕಣ್ಣಾಗಿ ಕೆಲಸ ಮಾಡ್ಬೇಕು. ಅರೇಬಿಕಾ ನವೆಂಬರಿಂದ ಕೊಯ್ಲು. ಪೂರ್ತಿ ಕೆಂಪಾದ ಹಣ್ಣು ಮಾತ್ರ ಕುಯ್ಯೋಕೆ ಒಂದೇ ಗಿಡಕ್ಕೆ ಮೂರ್ನಾಲ್ಕು ಸುತ್ತು ಹೋಗ್ಬೇಕು, ಆಳು ಸಿಗೋದು ಎಷ್ಟು ಕಷ್ಟ ಅಂತ ಮಲ್ನಾಡಿನೋರಿಗೆ ಹೇಳ್ಬೇಕಾಗಿಲ್ಲ. ಕುಯ್ದ ದಿನಾನೇ ಸಂಜೆ ಪಲ್ಪರ್‌ಗೆ ಹಾಕ್ಬೇಕು, ರಾತ್ರಿ ಬಿಟ್ರೆ ಹಣ್ಣು ಕಾವು ಕಟ್ಟಿ ಕೆಟ್ಟ ಹುಳಿ ಬರುತ್ತೆ. ತೊಟ್ಟೀಲಿ ಒಂದು ದಿನ, ಒಂದೂವರೆ ದಿನ ಅಂಟು ಬಿಡೋತನಕ ಹುಳಿ ಹಾಕಿ, ತೊಳೆದು, ಕಣದಲ್ಲಿ ತೆಳ್ಳಗೆ ಹರಡಿ ಗಂಟೆಗೊಂದ್ಸಲ ಕಾಲಾಡಿಸ್ತಾ ಎಂಟು ಹತ್ತು ದಿನ ಒಣಗಿಸಬೇಕು. ತೇವ ಹತ್ತು ಹನ್ನೊಂದು ಪರ್ಸೆಂಟ್‌ಗೆ ಬಂದ್ಮೇಲೇನೇ ಮೂಟೆ. ಈಗೀಗ ಡಿಸೆಂಬರ್, ಜನವರೀಲೂ ಮಳೆ ಬರ್ತಿದೆ, ಮೋಡ ಕಂಡ್ರೆ ರಾತ್ರಿ ಎರಡು ಗಂಟೆಗೂ ಎದ್ದು ಟಾರ್ಪಾಲ್ ಹೊದೆಸೋದು.

ನೀವು ಕುಡಿದ ಎಸ್.795 ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದೇ ತಳಿ. ಆ ಕೇಂದ್ರ 1925ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ್ದು. ಕೆಂಟ್ಸ್ ತಳಿ ಮತ್ತೆ ಎಸ್.288 ಅನ್ನೋದನ್ನ ಕೂಡಿಸಿ 1940ರ ದಶಕದಲ್ಲಿ ಕೊಟ್ಟಿದ್ದು, ಆ ಎಸ್.288ರ ಹಿಂದೆ ಲೈಬೀರಿಕಾ ಕಾಫಿ ರಕ್ತ ಇದೆ, ಎಲೆತುಕ್ಕು ರೋಗ ತಡೀಲಿ ಅಂತ. ನಿಮಗೆ ಹುಣಸೆ, ಬೆಲ್ಲ ಸಿಕ್ಕಿದ್ದು ಈ ತಳೀಲಿ ಬಹಳ ಜನ ಹೇಳೋ ರುಚಿ, ನಿಮ್ಮ ನಾಲಿಗೆ ಸರಿಯಾಗಿದೆ. ಮುಂದೆ ಸೆಲೆಕ್ಷನ್ 9 ಸಿಕ್ರೆ ಬಿಡಬೇಡಿ, ಅದ್ರಲ್ಲಿ ಇಥಿಯೋಪಿಯದ ತಫಾರಿಕೆಲಾ ತಳಿ ಬೆರೆತಿದೆ, ಹೂವಿನ ಘಮ ಇರುತ್ತೆ.

ಶುರು ಮಾಡೋರಿಗೆ ನನ್ನ ಸಲಹೆ ವಾಶ್ಡ್ ಕಾಫೀನೇ. ಅನೇರೋಬಿಕ್ (ಗಾಳಿ ಆಡದ ಹಾಗೆ ಹುದುಗಿಸಿದ್ದು), ಯೀಸ್ಟ್ ಹಾಕಿದ್ದು, ಹಣ್ಣಿನ ಜೊತೆ ಹುದುಗಿಸಿದ್ದು ಅಂತ ಈಗ ಏನೇನೋ ಬರ್ತಿದೆ, ನಾನೂ ಸ್ವಲ್ಪ ಮಾಡ್ತೀನಿ, ಆದ್ರೆ ಅದ್ರಲ್ಲಿ ಪ್ರೊಸೆಸ್ ರುಚಿ ಜೋರು. ನೆಲ, ತಳಿ, ಎತ್ತರ ಇವುಗಳ ರುಚಿ ಗೊತ್ತಾಗ್ಬೇಕು ಅಂದ್ರೆ ವಾಶ್ಡ್.

ಗಾಂಧಿಬಜಾರ್_ರಾಯರು:

ಎಲ್ಲಾ ಓದಿದೆ. ಹುಡುಗರು ಕಾಫಿ ಬಗ್ಗೆ ಇಷ್ಟು ಶ್ರದ್ಧೆಯಿಂದ ಮಾತಾಡೋದು ನೋಡಿ ಸಂತೋಷ. ಆದ್ರೂ ನನ್ನ ಮನಸ್ಸಲ್ಲಿರೋದು ಹೇಳ್ಬೇಕು.

ನಮ್ಮಮ್ಮ ಹಸಿ ಬೀಜ ತರಿಸಿ ಇದ್ದಿಲ ಒಲೆ ಮೇಲೆ ತಿರುಗಿಸೋ ಉರುಳೇಲಿ ಮನೇಲೇ ಹುರೀತಿದ್ರು, ಮೇಜಿಗೆ ಕಚ್ಚಿಸಿದ ಕೈ ಮೆಷಿನ್ನಲ್ಲಿ ಅವತ್ತವತ್ತಿಂದು ಅವತ್ತವತ್ತೇ ಪುಡಿ. ಆ ಘಮಕ್ಕೆ ಬೀದಿ ಪೂರ್ತಿ ಗೊತ್ತಾಗೋದು. ಪೀಬೆರಿ, ಪ್ಲಾಂಟೇಷನ್ ಎ ಸಮ ಪಾಲು, ಚಿಕೋರಿ ಹತ್ತಕ್ಕೆ ಎರಡು ಪಾಲು ದಾಟಬಾರ್ದು, ಕಾಯಿಸಿದ ಗಟ್ಟಿ ಹಾಲು. ಈ ಕಾಫಿ ಪರಿಪೂರ್ಣ ಅಂತ ನನ್ನ ನಂಬಿಕೆ, ಅದನ್ನ ಹಳೇ ಕಾಲದ್ದು ಅಂತ ಕೆಳಗಿಟ್ಟು ಮಾತಾಡೋದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಯಾರೂ ಹಾಗೆ ಮಾತಾಡಿಲ್ಲ, ಬೇರೆ ಕಡೆ ಮಾತಾಡ್ತಾರೆ, ಅದಕ್ಕೆ ಹೇಳಿದೆ. ಕೆಟ್ಟಿರೋದು ಏನಂದ್ರೆ ಚಿಕೋರಿ ಏರ್ತಾ ಹೋಗಿದ್ದು, ಕಾನೂನಲ್ಲಿ ನೂರಕ್ಕೆ 51 ಪಾಲು ಕಾಫಿ ಇದ್ರೆ ಸಾಕು, ಉಳಿದ 49 ಚಿಕೋರಿ ಹಾಕಬಹುದು. ಪ್ಯಾಕೆಟ್ ಮೇಲೆ ಎಷ್ಟು ಅಂತ ಬರೆದಿರ್ತಾರೆ, ಯಾರೂ ಓದಲ್ಲ.

ನನ್ನ ಪ್ರಶ್ನೆ ಎರಡು. ಈ ಲೈಟ್ ರೋಸ್ಟು ಅನ್ನೋದು ಅರೆ ಬೆಂದ ಕಾಫಿ ಅಲ್ವೇ? ಹೊಟ್ಟೆಗೆ ಒಗ್ಗುತ್ಯೇ? ಎರಡು, ಕಾಲ್ ಕೇಜಿಗೆ ಐನೂರು ಆರುನೂರು ಅಂತಾರೆ, ಆ ದುಡ್ಡು ಎಲ್ಲಿಗೆ ಹೋಗುತ್ತೆ?

ಡ್ರಮ್_ಪಕ್ಕ:

ರಾಯರೇ ನಮಸ್ಕಾರ ಸರ್. ಬೆಂಗಳೂರಲ್ಲಿ ಒಂದು ಸಣ್ಣ ರೋಸ್ಟರೀಲಿ ಹುರಿಯೋ ಕೆಲಸ ಮಾಡ್ತೀನಿ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ.

ಅರೆ ಬೆಂದ ಲೈಟ್ ರೋಸ್ಟೂ ಇರುತ್ತೆ, ಚೆನ್ನಾಗಿ ಬೆಂದ ಲೈಟ್ ರೋಸ್ಟೂ ಇರುತ್ತೆ, ಎರಡೂ ಹೊರಗಿಂದ ಒಂದೇ ಬಣ್ಣ ಕಾಣ್ಬಹುದು. ಬೀಜ ಡ್ರಮ್ಮಿಗೆ ಹಾಕಿದ್ಮೇಲೆ ಮೊದ್ಲ ನಾಲ್ಕೈದು ನಿಮಿಷ ಒಳಗಿನ ತೇವ ಹೋಗೋದು, 150 ಡಿಗ್ರಿ ಹತ್ರ ಹಳದಿ ಆಗುತ್ತೆ, ಅಲ್ಲಿಂದ ಕಂದು ಬಣ್ಣ ಏರ್ತಾ ಘಮ ಹುಟ್ಟೋದು. ಮೆಷಿನ್ ಮೇಲೆ ಹೆಚ್ಚುಕಮ್ಮಿ ಇದ್ರೂ 196, 200 ಡಿಗ್ರಿ ಆಸುಪಾಸು ಫಸ್ಟ್ ಕ್ರ್ಯಾಕ್, ಒಳಗಿನ ಆವಿ ಒತ್ತಡಕ್ಕೆ ಬೀಜ ಸಿಡಿಯೋದು, ತಿಪಟೂರಿನೋರು ಕೇಳಿದ ಚಟ್ ಚಟ್ ಅದೇ. ಲೈಟ್ ರೋಸ್ಟ್ ಅಂದ್ರೆ ಅದು ಶುರುವಾಗಿ ಒಂದು ಒಂದೂವರೆ ನಿಮಿಷಕ್ಕೆ ಇಳಿಸೋದು. ಇನ್ನೂ ಬಿಟ್ರೆ 225ರ ಹತ್ರ ಸೆಕೆಂಡ್ ಕ್ರ್ಯಾಕ್, ಆ ಸದ್ದು ಸಣ್ಣದು, ಬೇಗ ಬೇಗ ಬರುತ್ತೆ, ಅಲ್ಲಿಂದ ಎಣ್ಣೆ ಹೊರಗೆ ಜಿನುಗೋಕೆ ಶುರು. ಅಂಗಡಿ ಕಾಫಿ ಸಾಮಾನ್ಯವಾಗಿ ಅಲ್ಲಿಗೆ ಹೋಗಿರುತ್ತೆ, ಹಾಲು ಚಿಕೋರಿ ಎದುರು ನಿಲ್ಲೋಕೆ ಅದು ಬೇಕೂ ಬೇಕು, ನೀವು ಹೇಳಿದ್ದು ಸರಿ, ಅದನ್ನ ನಾನು ಯಾವತ್ತೂ ಕೀಳು ಅನ್ನಲ್ಲ.

ಬೆಂಕಿ ಜಾಸ್ತಿ ಕೊಟ್ಟು ಅವಸರ ಮಾಡಿದ್ರೆ ಹೊರಗೆ ಬಣ್ಣ ಬಂದು ಒಳಗೆ ಹಸಿ ಉಳಿಯುತ್ತೆ. ಬೀಜ ಒಡೆದು ನೋಡಿ, ಒಳಗೆ ಹೊರಗೆ ಬಣ್ಣ ಹೆಚ್ಚು ಕಮ್ಮಿ ಒಂದೇ ಇರ್ಬೇಕು. ಕುಡಿದಾಗ ಹಸಿ ಕಡಲೆಕಾಯಿ, ಹುಲ್ಲು ರುಚಿ ಬಂದ್ರೆ ಅದು ಬೆಂದಿಲ್ಲ ಅಂತ ಅರ್ಥ. ಒಳ್ಳೇ ಲೈಟ್ ರೋಸ್ಟಲ್ಲಿ ಹುಳಿ ಜೊತೆ ಸಿಹಿ ಬಂದೇ ಬರುತ್ತೆ, ಸಿಹಿ ಇಲ್ಲ ಅಂದ್ರೆ ಹುರಿದೋರನ್ನ ಕೇಳಿ. ತೂಕದಲ್ಲೂ ಗೊತ್ತಾಗುತ್ತೆ, ಒಂದು ಕೇಜಿ ಹಸಿ ಬೀಜ ಲೈಟ್ ಹುರಿದ್ರೆ 870 ಗ್ರಾಂ ಹತ್ರ ಉಳಿಯುತ್ತೆ, ಕಪ್ಪಗೆ ಹುರಿದ್ರೆ 800ರ ಸುತ್ತ.

ಹೊಟ್ಟೆ ವಿಷಯ ಒಬ್ಬೊಬ್ಬರಿಗೆ ಒಂದೊಂದು ತರ. ಕಾಫಿ ಪಿಎಚ್ (ಹುಳಿಯ ಅಳತೆ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 5ರ ಸುಮಾರು, ನಿಂಬೆರಸ 2 ಹತ್ರ, ಅಂದ್ರೆ ನಾಲಿಗೆಗೆ ಹುಳಿ ಅನ್ಸಿದ್ರೂ ನಿಂಬೆರಸಕ್ಕಿಂತ ಎಷ್ಟೋ ಸೌಮ್ಯ. ಕಾಫೀಲಿ ಇರೋ ಕ್ಲೋರೋಜೆನಿಕ್ ಆಮ್ಲ ಅನ್ನೋದು ಹುರಿದಷ್ಟೂ ಕಮ್ಮಿಯಾಗುತ್ತೆ, ಲೈಟ್ ರೋಸ್ಟಲ್ಲಿ ಜಾಸ್ತಿ ಉಳಿದಿರುತ್ತೆ. ಎದೆ ಉರಿ ಇರೋರು ಖಾಲಿ ಹೊಟ್ಟೇಲಿ ಬೇಡ, ತಿಂಡಿ ಆದ್ಮೇಲೆ ಅರ್ಧ ಲೋಟ ಕುಡಿದು ನೋಡಿ. ಕೆಫೀನು ಎರಡ್ರಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ.

ದುಡ್ಡು ಎಲ್ಲಿ ಹೋಗುತ್ತೆ ಅಂದ್ರೆ, ಮೂಡಿಗೆರೆ ಸರ್ ಬರೆದ್ರಲ್ಲ, ಮೂರ್ನಾಲ್ಕು ಸುತ್ತು ಕೊಯ್ಲು, ಕಣದ ಕೆಲಸ, ಆ ಲಾಟಿಗೆ ಮಾರುಕಟ್ಟೆಗಿಂತ ಜಾಸ್ತಿ ಕೊಡ್ತೀವಿ. ನಾವು ಹುರಿಯೋದು ಒಂದ್ಸಲಕ್ಕೆ ನಾಲ್ಕೈದು ಕೇಜಿ, ಅದ್ರಲ್ಲಿ ತೂಕ ಕಳೆಯೋದು, ಕೈಯಲ್ಲಿ ಆರಿಸಿ ಬಿಸಾಕೋದು, ವಾಲ್ವ್ ಇರೋ ಪ್ಯಾಕೆಟ್ಟು, ಬಾಡಿಗೆ. ದೊಡ್ಡವರಿಗೆ ಟನ್ ಲೆಕ್ಕದಲ್ಲಿ ಉಳಿಯೋದು ನಮಗೆ ಉಳಿಯಲ್ಲ. ಅಂಗಡಿಗೆ ಬಂದಾಗ ಈ ಲಾಟಿಗೆ ತೋಟಕ್ಕೆ ಎಷ್ಟು ಕೊಟ್ರಿ ಅಂತ ಧಾರಾಳವಾಗಿ ಕೇಳಿ, ನಾಚಿಕೆ ಬೇಡ, ಸರಿಯಾಗಿ ಕೆಲಸ ಮಾಡೋರು ಹೇಳ್ತಾರೆ. ಸಾಧ್ಯ ಆದ್ರೆ ರಾಯರೇ ನೀವೂ ಯಾವುದಾದ್ರೂ ಸಣ್ಣ ರೋಸ್ಟರಿಗೆ ಕಪ್ಪಿಂಗಿಗೆ ಬನ್ನಿ, ಮನೇಲೇ ಹುರಿದಿದ್ದು ನೋಡಿ ಬೆಳೆದೋರ ಮೂಗು ನಮಗೆ ಬೇಕು.

ಧಾರವಾಡ_ಟು_ಓಸ್ಲೋ:

ನಾ ಧಾರವಾಡದಾಂವ್ರಿ, ಚಾ ಕುಡ್ಯೋ ಮನ್ಯಾಗ ಬೆಳದಾಂವ. ಈಗ ನಾರ್ವೆದ ಓಸ್ಲೋದಾಗ ನೌಕರಿ. ಇಲ್ಲಿ ಬಂದ ಮ್ಯಾಲೆ ಕಾಫಿ ಹತ್ತಿದ್ದು, ಇಲ್ಲಿ ಮಂದಿ ಹಾಲು ಸಕ್ರಿ ಏನೂ ಹಾಕ್ದ ದೊಡ್ಡ ಮಗ್ಗಿನಾಗ ಕರೀ ಕಾಫಿ ಇಡೀ ದಿನ ಕುಡೀತಾರ, ಅದೂ ಲೈಟ್ ಹುರಿದಿದ್ದು. ಕಪ್ಪಗ ಹುರಿದಿದ್ದು ಕುಡಿಸಿದ್ರ ಸುಟ್ಟದ ಅಂತಾರ. ಗ್ರೂನರ್‌ಲೊಕ್ಕಾ ಅಂತ ಒಂದು ಓಣಿ ಅದ, ಅಲ್ಲಿ ಟಿಮ್ ವೆಂಡೆಲ್ಬೋ ಅನ್ನಾವ್ರದು ಸಣ್ಣ ಕಾಫಿ ಬಾರ್ ಅದ, ಅವ್ರು 2004ರಾಗ ಜಗತ್ತಿನ ಬರಿಸ್ತಾ (ಕಾಫಿ ಮಾಡಾವ್ರ) ಚಾಂಪಿಯನ್ ಆಗಿದ್ರು, 2007ರಾಗ ಅಂಗಡಿ ತಗದ್ರು. ಕುಂದ್ರಾಕ ಜಾಗ ಭಾಳ ಕಡಿಮಿ, ಆದ್ರ ಲೈಟ್ ರೋಸ್ಟ್ ಅಂದ್ರ ಏನು ಅನ್ನೋದು ನನಗ ಅಲ್ಲೇ ತಿಳೀತು. ಓಸ್ಲೋಕ್ಕ ಬಂದಾವ್ರು ತಪ್ಪದ ಹೋಗ್ರಿ.

ನಾ ಬರ್ಯಾಕ ಬಂದಿದ್ದು ಜಲಜಕ್ಕ ಹೇಳಿದ ನೀರಿನ ಮಾತಿಗೆ. ಓಸ್ಲೋದ ನಳದ ನೀರು ಮಾರಿಡಾಲ್ಸ್‌ವಾನೆಟ್ ಅನ್ನೋ ಕೆರಿಯಿಂದ ಬರ್ತದ, ಭಾಳ ಮೆದು ನೀರು, ಇಲ್ಲಿ ಕಾಫಿ ಹಣ್ಣಿನ ರಸದಂಗ ಬಿಚ್ಚಿ ಬರ್ತದ. ಅದ ಬೀಜ ಊರಿಗೆ ಒಯ್ದು ನಮ್ಮ ಮನಿ ಬೋರ್ ನೀರಾಗ ಮಾಡಿದ್ರ ಸಪ್ಪಗ, ಸುಣ್ಣದ ನೀರು ಕುಡದಂಗ ಆತು. ಅವ್ವಗ ಏನೂ ಅನಿಸ್ಲಿಲ್ಲ. ಮಳಿ ನೀರು ಹಿಡದು ಇಟ್ಟಿದ್ರು, ಅದನ್ನ ಬೋರ್ ನೀರಿನ ಕೂಡ ಅರ್ಧಕ್ಕರ್ಧ ಬೆರಸಿ ಕಾಸಿ ಮಾಡಿಕೊಟ್ಟೆ, ಅವಾಗ ಇದರಾಗ ಏನರ ಹಾಕೀಯೇನು, ಹಣ್ಣಿನ ವಾಸ್ನಿ ಬರ್ಲಿಕತ್ತೇದ ಅಂದ್ಲು. ಬೀಜ ಅದ, ಗ್ರೈಂಡರ್ ಅದ, ನೀರು ಅಷ್ಟ ಬ್ಯಾರೆ. ಹಿಂಗಾಗಿ ತಿಪಟೂರಿನ ಅಣ್ಣಾವ್ರು ಗ್ರೈಂಡರ್ ತಗೊಳ್ಳೂ ಮೊದ್ಲ ನೀರು ಬದಲಿ ಮಾಡಿ ನೋಡ್ರಿ, ಖರ್ಚಿಲ್ಲ.

ಗಾಂಧಿಬಜಾರ್_ರಾಯರು:

ಡ್ರಮ್ ಪಕ್ಕದವರೇ, ಉತ್ತರ ಸಮಾಧಾನಕರವಾಗಿದೆ. ಬೀಜ ಒಡೆದು ಒಳಬಣ್ಣ ನೋಡೋದು ನಮ್ಮಮ್ಮನೂ ಮಾಡ್ತಿದ್ರು, ಹಲ್ಲಲ್ಲಿ ಕಡಿದು ಟಕ್ ಅಂದ್ರೆ ಸರಿ ಅನ್ನೋರು. ಕಪ್ಪಿಂಗಿಗೆ ಬರ್ತೀನಿ, ಬೆಳಗಿನ ಹೊತ್ತು ಇಟ್ಕೊಳಿ. ಹಾಲಿಗೆ ಹೊಂದೋ ಹಾಗೆ, ಆದ್ರೆ ಸುಡದೆ, ನಡುವೆ ಹುರಿದಿದ್ದು ಕೊಡ್ತೀರಾ?

ಡ್ರಮ್_ಪಕ್ಕ:

ಖಂಡಿತ ಸರ್. ಸೆಕೆಂಡ್ ಕ್ರ್ಯಾಕಿಗೆ ಸ್ವಲ್ಪ ಮುಂಚೆ ಇಳಿಸಿದ ಮೀಡಿಯಂ, ಅರೇಬಿಕಾಗೆ ಒಳ್ಳೇ ವಾಶ್ಡ್ ರೊಬಸ್ಟಾ ಹತ್ತಕ್ಕೆ ಮೂರು ಪಾಲು ಸೇರಿಸಿದ್ರೆ ಚಿಕೋರಿ ಇಲ್ದೇನೇ ಡಿಕಾಕ್ಷನ್ ಗಟ್ಟಿ ಬರುತ್ತೆ. ತಿಪಟೂರಿನೋರ ಅಮ್ಮನಿಗೂ ಇದೇ ಹೇಳ್ತೀನಿ, ಲೈಟ್ ರೋಸ್ಟಿಗೆ ಹಾಲು ಹಾಕಿ ಅವರಿಗೆ ಕೊಡಬೇಡಿ, ಅವರಿಗೆ ಬೇರೆ ಬೀಜ ತನ್ನಿ.

ತಿಪಟೂರು_ತೆಂಗು:

ಎಲ್ಲರಿಗೂ ಮತ್ತೆ ಥ್ಯಾಂಕ್ಸ್. ಧಾರವಾಡದ ಅಣ್ಣ ಹೇಳಿದ ಹಾಗೆ ಮೊದ್ಲು ನೀರು ಬದಲಾಯಿಸಿದೆ, ಆರ್‌ಓಗೆ ನಲ್ಲಿ ನೀರು ಬೆರೆಸಿ ಮೀಟರ್ 110 ತೋರಿಸೋ ಹಾಗೆ ಮಾಡ್ದೆ, ಫಿಲ್ಟರ್ ಬಿಸಿ ಮಾಡ್ಕೊಂಡು ಜಲಜ ಅಕ್ಕನ ಕ್ರಮದಲ್ಲೇ ಹಾಕಿದೆ. ಮಿಕ್ಸಿ ಪುಡಿನ ಟೀ ಜಾಲರೀಲಿ ಜರಡಿ ಹಿಡಿದು ತೀರಾ ನುಣ್ಣಗಿದ್ದಿದ್ದು ತೆಗ್ದೆ. ಬೆಲ್ಲದ ರುಚಿ ಬಂತು, ಸ್ಪಷ್ಟವಾಗೇ ಬಂತು. ಕಿತ್ತಳೆ ಇನ್ನೂ ಇಲ್ಲ, ಬೀಜ ಇನ್ನೂ ಹೊಸದು, ಕಾಯ್ತೀನಿ. ಗ್ರೈಂಡರ್ ಸಂಬಳ ಬಂದ್ಮೇಲೆ. ಮೂಡಿಗೆರೆ ಸರ್, ಕೊಯ್ಲಿನ ಟೈಮಲ್ಲಿ ಕಣ ನೋಡೋಕೆ ಬರಬಹುದಾ? ಕೊನೇದಾಗಿ, ಕಾಲ್ ಕೇಜಿ ಮುಗ್ಸೋಕೆ ನನಗೊಬ್ಬನಿಗೆ ತಿಂಗಳಾಗುತ್ತೆ, ಫ್ರಿಜ್ಜಲ್ಲಿ ಇಡ್ಲಾ?

ಮೂಡಿಗೆರೆ_ಕಣ:

ಬನ್ನಿ, ಡಿಸೆಂಬರ್ ಎರಡನೇ ವಾರದ ಮೇಲೆ ಬನ್ನಿ, ಪಲ್ಪರ್ ಸಂಜೆ ಐದರ ಮೇಲೆ ಓಡೋದು. ಮೆಸೇಜ್ ಮಾಡಿ.

ಜಯನಗರ_ಜಲಜ:

ಫ್ರಿಜ್ ಬೇಡ, ತೆಗೆದು ಇಟ್ಟು ಮಾಡಿದ್ರೆ ತೇವ ಹಿಡಿಯುತ್ತೆ, ಸಾರು ಹುಳಿ ವಾಸನೆನೂ ಎಳ್ಕೊಳುತ್ತೆ. ಹತ್ತು ಹನ್ನೆರಡು ದಿನ ಹೊರಗೆ ಬಿಟ್ಟು ರುಚಿ ಬಿಚ್ಕೊಂಡ್ಮೇಲೆ ಅರ್ಧ ಬೀಜ 15 ಗ್ರಾಂ ಲೆಕ್ಕದಲ್ಲಿ ಸಣ್ಣ ಸಣ್ಣ ಜಿಪ್ ಕವರಿಗೆ ಹಾಕಿ, ಗಾಳಿ ತೆಗ್ದು ಫ್ರೀಜರಲ್ಲಿಡಿ. ಬೇಕಾದಾಗ ಒಂದು ಕವರ್ ತೆಗ್ದು ಹಾಗೇ ತಣ್ಣಗಿರೋವಾಗ್ಲೇ ಪುಡಿ ಮಾಡಿ. ಉಳಿದರ್ಧ ಅದೇ ಪ್ಯಾಕೆಟ್ಟಲ್ಲಿ ಬಿಸಿಲು ಬೀಳದ ಕಡೆ, ಒಲೆಯಿಂದ ದೂರ. ಪುಡಿ ಮಾಡಿದ್ದನ್ನ ಮಾತ್ರ ಎಲ್ಲೂ ಇಡಬೇಡಿ.